ಹನ್ನೆರಡು ಮೂಟೆ ಗೋಧಿ

ಕುಸ್ಕೋ ಪಟ್ಟಣದ ಕನ್ಯಾಸ್ತ್ರೀಯರ ಮಠದಲ್ಲಿ
ನಾನು ಪೆತ್ರೊನಿಲಾ, ರೊಟ್ಟಿ ಸುಡುವವಳು.
ಬಲಿಪೂಜೆಯ ರೊಟ್ಟಿ. ಎಲೆಯಷ್ಟು ತೆಳು,
ಹುಳಿಯಿಲ್ಲ, ಉಪ್ಪಿಲ್ಲ.
ಗೋಧಿ, ನೀರು, ಅಷ್ಟೇ.

ಹಳದಿ ಜೋಳದ ಹಿಟ್ಟು ಚಿಟಿಕೆ ಬೆರೆತರೂ
ದೇವರು ಅದರೊಳಗೆ ಇಳಿಯುವುದಿಲ್ಲವಂತೆ.
ಮಠದಮ್ಮ ಎಸ್ತೆಫಾನಿಯಾ
ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಕಿಟಕಿಗೆ ಹಿಡಿದು, ಮೂಸಿ,
ಆಮೇಲೆ ನನ್ನ ಮುಖ ನೋಡುತ್ತಿದ್ದರು,
ಅದೇ ಕಣ್ಣಲ್ಲಿ.

ಅಪ್ಪ ಗಾಸ್ಪರ್, ಕಡಲು ದಾಟಿ ಬಂದು
ಕಣಿವೆಯಲ್ಲಿ ಗೋಧಿ ಬಿತ್ತಿಸಿದ ಒಡೆಯ.
ಅವ್ವ ಚುಕಿ, ಅವನ ಅಡುಗೆಮನೆಯಲ್ಲಿ ಜೋಳ ಅರೆದವಳು.
ಮದುವೆ? ಪಾದ್ರಿಗಳೂ ಕೇಳಲಿಲ್ಲ, ನೀವೂ ಕೇಳಬೇಡಿ.
ಆರು ವರ್ಷದವಳನ್ನು ಇಲ್ಲಿ ತಂದು ಬಿಟ್ಟಾಗ
ಜೊತೆಗೆ ಹನ್ನೆರಡು ಮೂಟೆ ಗೋಧಿ ಕೊಟ್ಟನಂತೆ.
ಮೂಟೆಗಳ ಲೆಕ್ಕ ಪುಸ್ತಕದಲ್ಲಿದೆ.
ನನ್ನ ಹೆಸರು ಅದರ ಕೆಳಗೆ, ಓರೆಯಾಗಿ.

ಇಪ್ಪತ್ತಕ್ಕೆ ಬಾಯಿಬಿಟ್ಟು ಕೇಳಿದೆ:
ನನಗೂ ಕರಿ ಮುಸುಕು ಕೊಡಿ.
ನೂರೈವತ್ತು ಕೀರ್ತನೆಗಳೂ ಲ್ಯಾಟಿನ್ನಿನಲ್ಲೇ ಬರುತ್ತಿದ್ದವು,
ಒಲೆ ಊದುತ್ತ ಗೋಡೆಯಾಚೆಯಿಂದ ಕದ್ದದ್ದು.

ಗುಮಾಸ್ತ ಬಂದ. ಗರಿ ಅದ್ದಿದ.
ಅಜ್ಜ ಯಾರು? ಅಜ್ಜನ ಅಜ್ಜಿ ಯಾರು?
ಎಡಗಡೆ ನಾಲ್ಕು ತಲೆಮಾರು ತುಂಬಿದ.
ಬಲಗಡೆ ಅವ್ವನ ಹೆಸರೊಂದೇ, ಅದರ ಮುಂದೆ ಒಂದು ಗೆರೆ,
ಬತ್ತಿದ ತೊರೆಯ ಹಾಗೆ.
ಅವ್ವ ಇದ್ದಿದ್ದರೆ ಹದಿನಾಲ್ಕು ತಲೆಮಾರು ಹೇಳುತ್ತಿದ್ದಳು,
ಗಂಟು ಗಂಟಿನ ದಾರ ಸವರುತ್ತ.
ಗಂಟಿಗೆ ಮೊಹರು ಇಲ್ಲವಲ್ಲ.

ತೀರ್ಪು ಒಂದೇ ಮಾತು: ಬೆರಕೆ.
ಬಿಳಿ ಮುಸುಕು ಸಾಕು ಇವಳಿಗೆ.
ಹಾಡುವ ಸಾಲಿಗೆ ಬರಕೂಡದು.
ಅಡುಗೆಮನೆ ಇದ್ದೇ ಇದೆ.

ಆ ರಾತ್ರಿ ಅಳಲಿಲ್ಲ. ಜರಡಿ ಹಿಡಿದೆ, ಹೊಟ್ಟು ತೂರಲು
ಹಿತ್ತಲಿಗೆ ಹೋದೆ.
ಕೆಲಸದವರ ಊಟಕ್ಕೆಂದು ಬೆಳೆದ ಬೆಳೆ
ಬೆಳದಿಂಗಳಲ್ಲಿ ಸಾಲಾಗಿ ನಿಂತಿತ್ತು.
ಮುಸುಕಿನ ಜೋಳ.
ಒಂದೊಂದು ತೆನೆಯೂ ಹೊದ್ದುಕೊಂಡೇ ಹುಟ್ಟಿದ್ದು,
ಯಾವ ಗುಮಾಸ್ತನನ್ನೂ ಕೇಳದೆ.
ಒಂದನ್ನು ಮುರಿದು, ಸುಲಿಯದೆ,
ಬೆಳಗಿನ ತನಕ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಅದಾಗಿ ಮೂವತ್ತು ವರ್ಷ.
ನಾಳೆ ಪಾಸ್ಕ ಹಬ್ಬ, ನಾನೂರು ರೊಟ್ಟಿ ಆಗಬೇಕು.
ಮಠದಮ್ಮನ ಕಣ್ಣಿಗೆ ಪೊರೆ ಬಂದಿದೆ.
"ಹಿಟ್ಟು ನೀನೇ ನೋಡಿಬಿಡು, ಪೆತ್ರೊನಿಲಾ" ಅಂದರು.

ನೋಡಿದೆ.
ಸಂಜೆ ಕೆಲಸದ ಹೆಂಗಸರಿಗೆ ಜೋಳದ ಗಂಜಿ ಕಾಸಿದ್ದೆ,
ಉಗುರ ಸಂದಿಯಲ್ಲಿ ಹಳದಿ ಇನ್ನೂ ಇತ್ತು.
ಗೋಧಿ ನಾದುವ ಮೊದಲು
ಕೈ ತೊಳೆದೆನೋ ಇಲ್ಲವೋ,
ನೆನಪಿಲ್ಲ.