ಚಕ್ಕುಬಂದಿ

ಸೊರಬದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಹಲಸಿನ ಹಲಗೆಯ ಬೆಂಚು, ಒಂದು ಕಾಲಿಗೆ ಇಟ್ಟಿಗೆ.
ಬೆಂಚಿನಲ್ಲಿ ಪತ್ರ ಬರೆಯುವ ಕೆರಿಯಪ್ಪನವರು,
ಪಕ್ಕದಲ್ಲಿ ಟೈಪು ಕುಟ್ಟುವ ನಾನು.
ಗಿರಾಕಿ ಇಲ್ಲದ ಹೊತ್ತು ಡ್ರಾಯರಿನಿಂದ ಕತೆ ತೆಗೆಯುತ್ತಿದ್ದೆ
ಕದ್ದು ತಿನ್ನುವ ಕೊಬ್ಬರಿಯ ಹಾಗೆ.

ಒಂದು ದಿನ ಅವರ ಕೈಗೇ ಸಿಕ್ಕಿತು.
ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.
"ತಂಗೀ, ಇದರಲ್ಲೊಂದು ಮನೆ ಉಂಟಲ್ಲ,
ಅದರ ಪೂರ್ವಕ್ಕೆ ಏನು?"

ನನಗೆ ಗೊತ್ತಿರಲಿಲ್ಲ.
"ಪಶ್ಚಿಮಕ್ಕೆ?"
ಸಂಜೆಯಿತ್ತು, ಕೆಂಪಗೆ, ಎರಡು ಪ್ಯಾರಾ.
"ಸಂಜೆ ಎಲ್ಲರ ಪಶ್ಚಿಮಕ್ಕೂ ಇರ್ತದೆ.
ಇವಳ ಪಶ್ಚಿಮಕ್ಕೆ ಯಾರ ಬೇಲಿ?
ಬೇಲಿಯ ಮೇಲೆ ಯಾರ ಸೀರೆ?
ಚಕ್ಕುಬಂದಿ ಇಲ್ಲದ ಜಾಗ ಯಾರೂ ಕೊಳ್ಳೋದಿಲ್ಲ."

ಆಮೇಲೆ ಚಾ ಲೋಟದ ಸಂದಿಯಲ್ಲಿ,
ಛಾಪಾ ಕಾಗದದ ಚಿಲ್ಲರೆ ಎಣಿಸುತ್ತಾ ಹೇಳುತ್ತಿದ್ದರು:
ತಪ್ಪನ್ನು ಉಜ್ಜಬೇಡ, ಕಾಗದ ತೂತಾಗ್ತದೆ;
ಅಡ್ಡ ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕು, ಅದೂ ನಿಂದೇ.
'ಇತ್ಯಾದಿ' ಅಂತ ಬರೆದವ ವಕೀಲರಿಗೆ ಅನ್ನ ಹಾಕಿದ.
ಬರೆದದ್ದನ್ನು ಗಟ್ಟಿಯಾಗಿ ಓದು,
ಹೆಬ್ಬೆಟ್ಟಿನವರು ಓದೋದು ಕಿವಿಯಲ್ಲಿ;
ಅವರ ಹುಬ್ಬು ಗಂಟಾದಲ್ಲಿ ನಿನ್ನ ವಾಕ್ಯ ಎಡವಿದೆ.

ಆ ಸೋಮವಾರ ಉಳವಿ ಕಡೆಯ ಗುತ್ಯಮ್ಮ ಬಂದಳು,
ಹಕ್ಕು ಬಿಡುಗಡೆ ಪತ್ರಕ್ಕೆ.
ಅಣ್ಣ ರಸ್ತೆಯಲ್ಲಿ, ಬೈಕು ಆರಿಸದೆ.
ಕೆರಿಯಪ್ಪನವರು ಗಟ್ಟಿಯಾಗಿ ಓದಿದರು:
"...ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು
ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ."
ಮಸಿ ಮೆತ್ತಿದ ಹೆಬ್ಬೆಟ್ಟು ಗಾಳಿಯಲ್ಲೇ ನಿಂತಿತು.
"ಸಂತೋಷ ಅಂತ ಉಂಟಾ ಅದ್ರಲ್ಲಿ?"
"ಉಂಟಮ್ಮ. ಇರಬೇಕು."
ಬೈಕಿನವ ಹಾರನ್ ಹೊಡೆದ.
ಒತ್ತಿದಳು.

ಸಂಜೆಯವರೆಗೆ ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ಬಾಗಿಲ ಚಿಲಕ ಹಾಕುವಾಗ
ನನ್ನ ಕಡೆ ನೋಡದೆ ಅಂದರು:
"ಮೂವತ್ತೊಂದು ವರ್ಷ ಆಯ್ತು,
ಆ ಒಂದು ಪದ ನನ್ನ ಕೈಯಲ್ಲಿ ತೆಗೆಯೋಕಾಗಿಲ್ಲ.
ನಿನಗೇನು ಅಡ್ಡಿ?"

ದಂಡಾವತಿಯ ಸೇತುವೆ ದಾಟುವಾಗ
ನನ್ನ ಕತೆಯಲ್ಲಿ ಎಷ್ಟು ಕಡೆ ಸಂತೋಷವಿದೆ ಎಂದು ಎಣಿಸಿದೆ.
ಏಳು. ಸಂಜೆಯದೂ ಸೇರಿ.

ರಾತ್ರಿ ಹೊಸ ಹಾಳೆ:
ಪೂರ್ವಕ್ಕೆ ಅಣ್ಣನ ಗದ್ದೆ.
ಪಶ್ಚಿಮಕ್ಕೆ ತಮ್ಮನ ಗದ್ದೆ.
ಉತ್ತರಕ್ಕೆ ಅವಳೇ ಹದಿನಾರರಲ್ಲಿ ಮಣ್ಣು ಹೊತ್ತ ಕಾಲುವೆ.
ದಕ್ಷಿಣಕ್ಕೆ ರಸ್ತೆ, ಆರದ ಬೈಕು.
ಈ ಮಧ್ಯೆ ಗುತ್ಯಮ್ಮ,
ಹೆಬ್ಬೆಟ್ಟಿನ ನೀಲಿಯನ್ನು
ನರೆತ ಕೂದಲಿಗೆ ಒರೆಸಿಕೊಳ್ಳುತ್ತಾ