ಕಾಣೆ ಇದೆ

ಭಾನುವಾರ ಬೆಳಿಗ್ಗೆ ಪ್ಯಾರೇಜಾನ್ ಸ್ಲೇಟಿನ ಮೇಲೆ
ಸೀಮೆಸುಣ್ಣದಲ್ಲಿ ಬರೆದು ತೂಗುಹಾಕುತ್ತಾನೆ:
ಬಂಗುಡೆ ಇದೆ. ಭೂತಾಯಿ ಇದೆ. ಕಾಣೆ ಇದೆ.
ಹೊಸದಾಗಿ ವರ್ಗವಾಗಿ ಬಂದ ಪೇದೆ
ಬೈಕು ನಿಲ್ಲಿಸಿ, ಒಂದು ಕಾಲು ಊರಿ, ಎರಡು ಸಲ ಓದಿಕೊಂಡ.
‘ಕಾಣೆ ಅಂದಮೇಲೆ ಇರೋದು ಹೆಂಗಯ್ಯಾ?
ಇದ್ದಮೇಲೆ ಕಾಣೆ ಹೆಂಗೆ?’
ಈಳಿಗೆಮಣೆಯ ಮೇಲೆ ಕೂತಿದ್ದ ನಾನು
ತಲೆ ಎತ್ತದೆ ಒಂದನ್ನು ಬಾಲ ಹಿಡಿದು ತೋರಿಸಿದೆ.
ಅರ್ಧ ಕೇಜಿ ಕಟ್ಟಿಸಿಕೊಂಡು ಹೋದ.

ಚಿಂತಾಮಣಿಯಿಂದ ಯಾವ ದಿಕ್ಕಿಗೆ ಹೊರಟರೂ
ಸಮುದ್ರ ಒಂದು ರಾತ್ರಿಯ ದೂರ.
ಆ ರಾತ್ರಿಯನ್ನು ಐಸಿನಲ್ಲಿ ಹೂತುಕೊಂಡು ಬರುತ್ತೆ ಇದು,
ಮಲ್ಪೆಯ ಸಾಧು ಕುಂದರನ ಲಾರಿಯಲ್ಲಿ.
ಚೂಪು ಮೂತಿ, ಕದಿರಿನಂಥ ಮೈ,
ಹೊಳೆಯಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವ ಬೆಳ್ಳಿ.
ಬೆನ್ನ ಮೇಲೆ ಎರಡು ರೆಕ್ಕೆ, ಮುಂದಿನದು ಮುಳ್ಳು, ಹಿಂದಿನದು ಮೆತ್ತಗೆ.
ಬಾಯಿ ಮಾತ್ರ ಪಾಪದ್ದು:
ಮರಳಿನ ಒಂದು ಹುಳ, ಒಂದು ಮರಿ ಸೀಗಡಿ,
ಅದಕ್ಕಿಂತ ದೊಡ್ಡ ತುತ್ತು ಹಿಡಿಯದು.

ಟೀ ಆರಿಸುತ್ತಾ ಸಾಧು ಕುಂದರ್ ಹೇಳಿದ್ದು:
‘ದಡಕ್ಕೆ ಬಲೆ ಎಳೀತೇವಲ್ಲ ಮಾರಾಯ್ತಿ,
ಅಡಿಹಗ್ಗ ನೆಲ ಕೆರೀತಾ ಬರೋ ಸದ್ದಿಗೆ
ಮಿಕ್ಕ ಮೀನೆಲ್ಲ ಮುಂದೆ ಮುಂದೆ ಓಡಿ ಸಿಕ್ಕಿಬೀಳ್ತಾವೆ.
ಇದು ಓಡುವುದಿಲ್ಲ.
ಮೂತಿ ಕೆಳಗೆ ಮಾಡಿ ಮರಳಿಗೆ ಇಳೀತದೆ, ತಿರುಪಿನ ಹಾಗೆ.
ಬಲೆ ಮೇಲಿಂದ ದಾಟಿ ಹೋಗ್ತದೆ.
ಅದಕ್ಕೇ ನಮ್ಮ ಮುದುಕರು ಬಲೆಯ ಹಿಂದೆ ಬರ್ತಾರೆ,
ಬರಿಗಾಲು, ಹೆಜ್ಜೆ ಎತ್ತದೆ, ಜಾರಿಸ್ತಾ.
ಅಂಗಾಲಿನ ಕೆಳಗೆ ಮರಳು ನಡುಗಿತೋ,
ಒತ್ತಿ ಹಿಡಿದು ಬಗ್ಗು.
ಗಾಳದಲ್ಲೂ ಆಗ್ತದೆ. ಭರತದ ನೀರು ಅಳಿವೆಗೆ ಏರೋ ಹೊತ್ತು,
ತೆಳು ನೂಲು, ಸಣ್ಣ ಕೊಕ್ಕೆ, ಆಗಷ್ಟೇ ಅಗೆದ ಹುಳ.
ನೆಲಕ್ಕೆ ಬಿಟ್ಟು ಸುಮ್ಮನಿರು.
ಬಾಗಿಲು ತಟ್ಟಿ, ಬೇಡ ಅಂತ ವಾಪಸು ಹೊರಟವರ ಹಾಗೆ
ಒಂದು ಸಲ ಮುಟ್ತದೆ. ಜಗ್ಗಿದೆಯೋ, ತುಟಿ ಹರೀತು, ಹೋಯ್ತು.’

ನಾನು ಅಂದೆ, ‘ನಮ್ಮಜ್ಜಿ ಹಂಗೇ ಹಿಡೀತಿದ್ದಳು, ಕಾಲಲ್ಲಿ.’
ಅವನು ನಕ್ಕ. ನಿಮ್ಮೂರಲ್ಲಿ ಎಲ್ಲಿಯ ಸಮುದ್ರ!

ಕನ್ನಂಪಲ್ಲಿ ಕೆರೆ ಬೇಸಿಗೆಗೆ ಇಳಿದಾಗ
ಕೊರವ ಮೀನು ಕೆಸರೊಳಗೆ ಮಲಗುತ್ತಿತ್ತು,
ಉಸಿರಿಗೆ ಒಂದು ತೂತು ಬಿಟ್ಟುಕೊಂಡು.
ಅಜ್ಜಿ ಗಂಗುಲಮ್ಮ ಸೀರೆ ಕಚ್ಚೆ ಕಟ್ಟಿ
ಮೊಣಕಾಲುದ್ದ ಕೆಸರಲ್ಲಿ ನಿಧಾನ, ನಿಧಾನ,
ದೇವರ ಮನೆಯಲ್ಲಿ ನಡೆದಂತೆ.
‘ಕಣ್ಣಿಗೆ ಸುಳ್ಳು ಹೇಳಬೌದು ಕಣೆ, ಅಂಗಾಲಿಗೆ ಆಗಲ್ಲ.’
ಮೊಳ ಉದ್ದದ ಕೊರವ ಅವಳ ಕೈಯಲ್ಲಿ
ಎದ್ದು ಬೈದ ಹಾಗೆ ಒದರುತ್ತಿತ್ತು.

‘ಸಮುದ್ರ ನೋಡಿದ್ದೀಯಾ?’ ಸಾಧು ಕೇಳಿದ.
‘ಕಾಣೆ,’ ಅಂದೆ.
ಅವನು ಪೆಟ್ಟಿಗೆಯ ಕಡೆ ನೋಡಿದ.

ನೋಡಿಲ್ಲ. ಆದರೆ ಅದರ ಸಾಮಾನೆಲ್ಲ
ನನ್ನ ಬೆರಳಿಗೆ ಗೊತ್ತು.
ಹುರುಪೆ ಬಾಲದಿಂದ ತಲೆಗೆ ಕೆರೆಯಬೇಕು, ಸಣ್ಣವು, ಹಾರುತ್ತವೆ,
ರವಿಕೆಯ ಮೇಲೆ ಒಣಗಿ ಮನೆಗೆ ಬರುತ್ತವೆ.
ಹೊಟ್ಟೆ ಸೀಳಿದರೆ ಕೆಲವು ತಿಂಗಳು ಎರಡು ಹಳದಿ ಎಸಳು ಮೊಟ್ಟೆ,
ಎಣಿಸಲು ಕೂತರೆ ಅಂಗಡಿ ಮುಚ್ಚಬೇಕು.
ಅದನ್ನು ಬೇರೆ ಪೊಟ್ಟಣ ಕಟ್ಟು ಅನ್ನುವವರೂ ಉಂಟು,
ಬಿಸಾಕು ಅನ್ನುವವರೂ.
ತಲೆ ಒಡೆದರೆ ಎರಡು ಕಲ್ಲು, ಮಂಡಕ್ಕಿಯಷ್ಟು ಬಿಳಿ.

ಪ್ಯಾರೇಜಾನನ ಮಗಳು ನಗೀನಾ ಬಿಎಸ್ಸಿ ಓದುತ್ತಾಳೆ,
ಬೆಂಕಿಪೊಟ್ಟಣದಲ್ಲಿ ಅವನ್ನು ಒಯ್ಯುತ್ತಾಳೆ.
ಉಜ್ಜಿ ತೆಳ್ಳಗೆ ಮಾಡಿ ನೋಡಿದರೆ ಮರದ ಹಾಗೆ ಸುತ್ತುಗಳಂತೆ,
ವಯಸ್ಸು ಗೊತ್ತಾಗುತ್ತಂತೆ.
‘ಮೀನು ಕೇಳೋದು ಇದರಿಂದ ಅಕ್ಕಾ.
ತಲೆಕೆಳಗಾಗಿ ಕತ್ತಲೆ ಮರಳೊಳಗೆ ಹೊಕ್ಕಿದ್ದರೂ
ಮೇಲು ಯಾವ ಕಡೆ ಅಂತ ಇದೇ ಹೇಳೋದು.’
ಅವತ್ತಿಂದ ತಲೆಗಳನ್ನು ನಾಯಿಗೆ ಹಾಕುವ ಮೊದಲು
ಒಂದು ಗಳಿಗೆ ತಡೆಯುತ್ತೇನೆ.

ಹನ್ನೊಂದಕ್ಕೆ ಐಸೆಲ್ಲ ನೀರು, ನೀರೆಲ್ಲ ಚರಂಡಿ.
ಕೊನೆಯ ಗಿರಾಕಿ ಚೌಕಾಸಿ ಮಾಡಿ, ಕ್ಲೀನಿಂಗಿಗೆ ಇಪ್ಪತ್ತು ಕೊಡದೆ ಹೋದ.
ಪ್ಯಾರೇಜಾನ್ ಬೆರಳು ಎಂಜಲು ಮಾಡಿ
ಸ್ಲೇಟಿನಲ್ಲಿ ಮೂರೂ ಕಡೆ ‘ಇದೆ’ ಒರೆಸುತ್ತಾನೆ.
ಬಂಗುಡೆ. ಭೂತಾಯಿ. ಕಾಣೆ.
ಈಗ ಸರಿಯಾಯಿತು ನೋಡು ಅಂತ ನಗುತ್ತಾನೆ.
ನಾನು ಕಾಲು ತೊಳೆಯುತ್ತಿರುತ್ತೇನೆ.
ಎಡಗಾಲಿನ ಬೆರಳ ಸಂದಿಯಲ್ಲಿ
ಪೆಟ್ಟಿಗೆಯ ತಳದಿಂದ ಬಂದ ಒಂದಿಷ್ಟು ಮರಳು.