ಹುಟ್ಟು

ಮಂಡಾಲೆಯ ಕೆಳಗೆ, ಐರಾವತಿಯ ಈ ದಂಡೆಯಲ್ಲಿ
ಮೂವತ್ತೊಂದು ವರ್ಷದಿಂದ ನಾನು ಸೂಲಗಿತ್ತಿ.
ಕೂಸು ಕೈಗೆ ಬಿದ್ದೊಡನೆ ಮನೆಯವರು ಕೇಳುವುದು
ಗಂಡೋ, ಹೆಣ್ಣೋ.
ನಾನು ಮೊದಲು ನೋಡುವುದು ಹಿಮ್ಮಡಿ.

ಇದು ಮಾ ಓನ್ ಚೀ ಹಚ್ಚಿಸಿದ ಚಾಳಿ.
ಅವಳ ಮಗ ಪ್ಯೇ ಸೋನ್, ಆರು ವರ್ಷದವನು,
ದೋಣಿ ಮಗುಚಿದ ಸಂಜೆ ನೀರಿನಿಂದ ಮೇಲೆ ಬಂದಾಗ
ಮುಷ್ಟಿಯಲ್ಲಿ ಇನ್ನೂ ಕಡಲೆಕಾಯಿ ಇತ್ತು, ನೆನೆದು ಉಬ್ಬಿದ್ದು.
ಅವಳು ಅಳಲಿಲ್ಲ. ಒಲೆಯ ಹತ್ತಿರ ಹೋಗಿ
ಅನ್ನದ ಮಡಕೆಯ ತಳದಿಂದ ಮಸಿ ಕೆರೆದು ತಂದು
ಎಡಗಾಲ ಹಿಮ್ಮಡಿಗೆ ಒತ್ತಿದಳು,
ದೃಷ್ಟಿಬೊಟ್ಟು ಇಡುವ ಹಾಗೆ. ಆದರೆ
ಕಣ್ಣು ಬೀಳದಿರಲಿ ಎಂದಲ್ಲ, ಬೀಳಲಿ ಎಂದು:
ಮತ್ತೆ ಹುಟ್ಟಿದರೆ ನನ್ನ ಕಣ್ಣಿಗೆ ಬೀಳು ಎಂದು.
ನಮ್ಮಲ್ಲಿ ಹಾಗೆ ಮಾಡುವುದುಂಟು.

ಅಂದಿನಿಂದ ಯಾರ ಮನೆಯಲ್ಲಿ ನೋವು ಶುರುವಾದರೂ
ಏಣಿಮೆಟ್ಟಿಲ ಕೆಳಗೆ ಅವಳು.
ಕೈಯಲ್ಲಿ ತಾಳೆಬೆಲ್ಲದ ಪೊಟ್ಟಣ, ನೆಪಕ್ಕೆ.
ನೀರು ಕಾಯಿಸುವಳು, ಬಟ್ಟೆ ಹಿಂಡುವಳು,
ಕೊನೆಗೆ ಕೂಸಿನ ಕಾಲು ಹಿಡಿದು ಬೆಳಕಿಗೆ ತಿರುಗಿಸುವಳು.
ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವವರ ಹಾಗೆ
ಎಂದು ಒಬ್ಬ ಬಾಣಂತಿ ಬೈದಳು.
ಬೈದವಳ ತಪ್ಪೇನಿಲ್ಲ.
ಒಂಬತ್ತು ವರ್ಷ. ಇನ್ನೂರಕ್ಕೂ ಹೆಚ್ಚು ಕಾಲು.

ನಾನೇ ಅವಳನ್ನು ವಿಹಾರಕ್ಕೆ ಕರೆದುಕೊಂಡು ಹೋದೆ.
ಹಿರಿಯ ಭಿಕ್ಷುವಿಗೆ ಕಿವಿ ಮಂದ, ಮೊಣಕಾಲಿಗೆ ಎಣ್ಣೆಯ ಪಟ್ಟಿ.
ದುಃಖ ಎಂಬ ಮಾತನ್ನು ಅವರು
ಹಳೆಯ ಬಾಡಿಗೆದಾರನ ಹೆಸರು ಹೇಳಿದಂತೆ ಹೇಳುವರು.
“ಬರುವವನು ಅವನೇನಾ?” ಕೇಳಿದಳು.
ಅವರು ಕಿಟಕಿಯಾಚೆ ನದಿಯ ಕಡೆ ಗಲ್ಲ ಎತ್ತಿದರು.
“ನೀರಿಳಿದಾಗ ಏಳುವ ಮರಳುದಿಣ್ಣೆ
ಹೋದ ವರ್ಷದ್ದೇ?”
“ಅಲ್ಲ.”
“ಬೇರೆಯದೇ?”
ಅವಳು ಸುಮ್ಮನಾದಳು.
“ಚೀಟಿ ಎತ್ತಿ ಪಾಲು ಹಂಚಿಕೊಂಡು ಕಡಲೆ ಬಿತ್ತುತ್ತೀರಿ.
ಬೇಲಿ ಹಾಕುತ್ತೀರಿ. ಜಗಳವಾಡುತ್ತೀರಿ.
ಮಳೆಗಾಲದಲ್ಲಿ ಏರಿ ಬರುವ ನದಿ
ಯಾರ ಪಾಲು ಎಂದು ಕೇಳುವುದಿಲ್ಲ.”
ದಾರಿಯಲ್ಲಿ ಅವಳು ಅಂದಳು:
“ಅವರು ಹೆತ್ತಿಲ್ಲ.”
ನಾನೂ ಹೆತ್ತಿಲ್ಲ. ಅದನ್ನು ಹೇಳಲಿಲ್ಲ.

ಹೋದ ಚಳಿಗಾಲ
ಅಂಬಿಗ ಕೋ ನ್ಯುನ್ ಮನೆಯಿಂದ ಕರೆ ಬಂತು.
ಅಂದು ಮಗುಚಿದ್ದು ಅವನ ದೋಣಿ.
ಆಮೇಲೆ ಅವನು ಹುಟ್ಟು ಹಿಡಿದಿಲ್ಲ;
ಸೂರಿಗೆ ಸಿಕ್ಕಿಸಿದ ಹುಟ್ಟಿಗೆ ಜೇಡ ಬಲೆ ಕಟ್ಟಿತ್ತು.
ಅವನ ಹೆಂಡತಿಗೆ ಎರಡು ರಾತ್ರಿಯ ನೋವು.
ಬೆಳಗಿನ ಜಾವ ಹೆಣ್ಣು ಕೂಸು.
ಎಡ ಹಿಮ್ಮಡಿ. ಕಪ್ಪು. ಬೆರಳ ತುದಿಯಷ್ಟು.
ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ.
ಮತ್ತೆ ಒರೆಸಿದೆ. ನಡುಗಿತು
ಸಾವಿರ ಹೊಕ್ಕುಳಬಳ್ಳಿ ಕತ್ತರಿಸಿದ ಕೈ.

ಈ ಮನೆಗೆ ಅವಳು ಬರಲಾರಳು ಎಂದುಕೊಂಡಿದ್ದೆ.
ಬಂದಳು. ಬೆಲ್ಲವಿಲ್ಲದೆ.
ಕೋ ನ್ಯುನ್ ಎದ್ದು ಗೋಡೆಗೆ ಅಂಟಿ ನಿಂತ.
ಕಾಲು ಹಿಡಿದಳು. ಬೆಳಕಿಗೆ ತಿರುಗಿಸಿದಳು.
ಎಷ್ಟು ಹೊತ್ತು?
ಹೊರಗೆ ಯಾರೋ ಹಂದಿಗೆ ಗಂಜಿ ಸುರಿದ ಸದ್ದು,
ಹಂದಿ ತಿಂದು ಮುಗಿಸಿದ ಸದ್ದು.
ಕೂಸು ಕಣ್ಣು ಬಿಟ್ಟು
ಅವಳನ್ನಲ್ಲ, ದೀಪವನ್ನು ನೋಡಿತು.

ಆಮೇಲೆ ಬಾಣಂತಿಗೆ ಅಂದಳು:
“ಕಾಲು ತಣ್ಣಗಿದೆ. ಕಾಲುಚೀಲ ಹಾಕು.”
ಅಷ್ಟೇ.

ಇಳಿದು ಹೋಗುವಾಗ ಸೂರಿನ ಹುಟ್ಟಿನಿಂದ
ಬಲೆ ತೆಗೆದು, ಕೈಯನ್ನು ಲುಂಗಿಗೆ ಒರೆಸಿಕೊಂಡಳು.
“ದಾಟಿಸುವವರಿಲ್ಲದೆ ಆಚೆ ದಂಡೆಗೆ
ಎಷ್ಟು ಸುತ್ತಿ ಹೋಗಬೇಕಾಗಿದೆ” ಎಂದಳು,
ಯಾರಿಗೆ ಹೇಳಿದ್ದೆಂದು ಗೊತ್ತಾಗದಂತೆ.

ಸಿಕ್ಕಿತೆಂದು ನಿಲ್ಲಿಸಿದಳೋ, ಬಿಟ್ಟೇಬಿಟ್ಟಳೋ,
ನಾನು ಕೇಳಿಲ್ಲ.
ಈಗ ನೋವು ಶುರುವಾದ ಮನೆಗಳಲ್ಲಿ
ನೀರು ನಾನೇ ಕಾಯಿಸಿಕೊಳ್ಳುತ್ತೇನೆ.
ಚಾಳಿ ಮಾತ್ರ ಹೋಗಿಲ್ಲ:
ಕೂಸು ಕೈಗೆ ಬಿದ್ದೊಡನೆ
ಹಿಮ್ಮಡಿ ಬೆಳಕಿಗೆ ತಿರುಗಿಸುತ್ತೇನೆ.
ಯಾರನ್ನು ಹುಡುಕುತ್ತಿದ್ದೇನೋ,
ಹೆರದವಳು.